ಕತ್ತಿನ ಹಿಂದಿನ ಮೂರು ಚುಕ್ಕಿ

ಮೊದಲು ತುರಿಕೆ ಬಂದದ್ದು ಕತ್ತಿನ ಹಿಂದೆ, ರವಿಕೆಯ ಅಂಚು ತಾಗುವ ಕಡೆ. ಮದುವೆಯಾಗಿ ಹೊಸಕೋಟೆಗೆ ಬಂದು ತಿಂಗಳಾಗಿತ್ತು. ಸೆಖೆಗಿರಬೇಕು ಅಂದುಕೊಂಡೆ. ನಾಲ್ಕನೆಯ ದಿನ ನೀರುಗುಳ್ಳೆ ಎದ್ದವು. ತಲೆಗೆ ಎಣ್ಣೆ ಹಚ್ಚಲು ಕೂತ ಅತ್ತೆ ನನ್ನ ಜಡೆ ಸರಿಸಿದರು. ಅವರ ಕೈ ಅಲ್ಲೇ ನಿಂತಿತು.

"ಒಂದು ಗೀಟು, ಕೆಳಗೆ ಮೂರು ಚುಕ್ಕಿ. ನಂಜಮ್ಮಂಗೂ ಇದೇ ಜಾಗದಾಗೆ ಹಿಂಗೇ ಎದ್ದಿತ್ತು."

ನಂಜಮ್ಮ ನನ್ನ ಯಜಮಾನರ ಮೊದಲ ಹೆಂಡತಿ. ತೀರಿಕೊಂಡು ಎರಡು ವರ್ಷವಾಗಿತ್ತು. ಎರಡನೆಯ ಮಹಾಯುದ್ಧದಿಂದಾಗಿ ಬಟ್ಟೆ ಸಿಗುತ್ತಿರಲಿಲ್ಲ. ನಾನು ತೊಡುತ್ತಿದ್ದ ರವಿಕೆಗಳೂ ಅವಳವೇ.

ತವರಾದ ಬೂದಿಗೆರೆಗೆ ಹೋದರೆ, ಮನೆಯಲ್ಲೇ ಒಗೆದ ಅಮ್ಮನ ಹಳೆಯ ಬಟ್ಟೆ ಉಟ್ಟುಕೊಂಡಿದ್ದಾಗ, ಗುಳ್ಳೆ ಆರುತ್ತಿತ್ತು. ಹಿಂದಿರುಗಿದ ವಾರದೊಳಗೆ ಮತ್ತೆ ಅದೇ ಗೀಟು, ಅದೇ ಚುಕ್ಕಿ. ಮಧ್ಯಾಹ್ನ ಒಬ್ಬಳೇ ರಾಗಿ ಕೇರುವಾಗ ಯಾರೋ ಬೆನ್ನ ಹಿಂದೆ ನಿಂತು ನನ್ನ ಕತ್ತನ್ನೇ ನೋಡುತ್ತಿರುವಂತೆ ಅನಿಸುತ್ತಿತ್ತು. ತಿರುಗಿದರೆ ಗೋಡೆ. ಕೈ ನನ್ನ ಮಾತು ಕೇಳದೆ ಕತ್ತಿಗೆ ಹೋಗುತ್ತಿತ್ತು; ಉಗುರಲ್ಲಿ ರಕ್ತ ಬಂದಾಗಲೇ ಎಚ್ಚರ.

ಅತ್ತೆ ನನ್ನ ತಟ್ಟೆ ಬೇರೆ ಮಾಡಿದರು. ನಂಜಮ್ಮನದೂ ಹೀಗೇ ಬೇರೆಯಾಗಿತ್ತಂತೆ, ಕುಷ್ಠವೆಂಬ ಭಯಕ್ಕೆ. ಉಳಿದದ್ದನ್ನು ಪಕ್ಕದ ಮನೆಯಾಕೆ ಹೇಳಿದಳು.

ನಂಜಮ್ಮ ಹಿತ್ತಲ ಬಾವಿಗೆ ಹಾರಿದ್ದಳು.

ಅಂದು ನಾನು ನೀರು ಸೇದಲಿಲ್ಲ. ಯಜಮಾನರೇ ಕೊಡ ತೆಗೆದುಕೊಂಡು ಹೋದರು. ಮರುದಿನ ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ನನ್ನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು.

ಚರ್ಮದ ಡಾಕ್ಟರು ಕತ್ತು ನೋಡಿ, ಆಮೇಲೆ ರವಿಕೆಯ ಅಂಚನ್ನು ಹೊರಕ್ಕೆ ಮಡಚಿ ಒಳಮಗ್ಗುಲು ನೋಡಿದರು.

"ಈ ಗುರುತು ಯಾರು ಹಾಕಿದ್ದು?"

"ಮಡಿವಾಳರು. ಬಟ್ಟೆ ಕಲೆತುಹೋಗಬಾರದು ಅಂತ ಒಂದೊಂದು ಮನೆಗೆ ಒಂದೊಂದು ಗುರುತು. ಕರಿಗೇರುಕಾಯಿಯ ಕಪ್ಪು ರಸದಲ್ಲಿ ಹಾಕ್ತಾರೆ," ಎಂದರು ಯಜಮಾನರು.

"ಮಿಲಿಟರಿ ಕ್ಯಾಂಪಿನ ಸೋಲ್ಜರುಗಳಿಗೂ ಕತ್ತಲ್ಲಿ, ಸೊಂಟದಲ್ಲಿ ಇಂಥದೇ ಎಕ್ಸಿಮಾ ಬರ್ತಿದೆ. ಕಾರಣ ಹುಡುಕ್ತಾ ಇದೀನಿ. ಒಂದು ಪರೀಕ್ಷೆ ಮಾಡ್ಲೇನಮ್ಮ?"

ಗುರುತಿದ್ದ ಚೂರನ್ನು ಕತ್ತರಿಸಿ ನನ್ನ ತೋಳಿಗೆ ಪ್ಲಾಸ್ಟರ್ ಹಾಕಿ ಅಂಟಿಸಿದರು. ಪಕ್ಕದಲ್ಲಿ ಗುರುತಿಲ್ಲದ ಇನ್ನೊಂದು ಚೂರು. ಎರಡು ದಿನ ವಾರ್ಡಿನಲ್ಲೇ ಇದ್ದೆ. ಬಿಚ್ಚಿದಾಗ ಬರಿ ಬಟ್ಟೆಯಡಿ ಚರ್ಮ ಹಾಗೇ ಇತ್ತು. ಇನ್ನೊಂದರಡಿ, ಕೆಂಪಗೆ, ಒಂದು ಗೀಟು. ಮೂರು ಚುಕ್ಕಿ.

ನಂಜಮ್ಮ ಕತ್ತಿನಿಂದ ತೋಳಿಗೆ ಇಳಿದು ಬಂದಿದ್ದಳು. ಕಾರಣ ಕಣ್ಣೆದುರೇ ಇದ್ದರೂ ನನಗೆ ಹೊಳೆದದ್ದು ಅದೇ. ಅದನ್ನೂ ಅತ್ತೆಯ ಭಯವನ್ನೂ ಡಾಕ್ಟರಿಗೆ ಹೇಳಿದೆ.

"ದೆವ್ವ ಅಲ್ಲ, ಕುಷ್ಠನೂ ಅಲ್ಲ. ಆ ರಸ ಕೆಲವರ ಮೈಗೆ ಒಗ್ಗಲ್ಲ," ಎಂದರು ಡಾಕ್ಟರು. "ಕೆಲವರಿಗೇ ಯಾಕೆ ಅಂತ ನಮಗಿನ್ನೂ ಪೂರ್ತಿ ಗೊತ್ತಿಲ್ಲ."

ಜಿಂಕ್ ಮುಲಾಮು ಕೊಟ್ಟರು. ರವಿಕೆಗಳಿಂದ ಗುರುತಿನ ಚೂರು ಕತ್ತರಿಸಿ ತೆಗೆದೆ; ಮಡಿವಾಳರು ನಮ್ಮ ಬಟ್ಟೆಗೆ ರಸದ ಬದಲು ನೂಲಿನ ಗಂಟು ಹಾಕತೊಡಗಿದರು. ತಿಂಗಳಲ್ಲಿ ಕತ್ತು ವಾಸಿಯಾಯಿತು.

ಅತ್ತೆ ಮಾತ್ರ ಊಟ ಬಿಟ್ಟರು. ಮೂರನೆಯ ದಿನ, "ಅನುಗೊಂಡನಹಳ್ಳಿಗೆ ಹೋಗಿ ಬರಾನ ಬಾ," ಎಂದರು. ಅದು ನಂಜಮ್ಮನ ತವರು.

ಅವಳ ತಾಯಿ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಅತ್ತೆ ನಿಂತುಕೊಂಡೇ ಎಲ್ಲ ಹೇಳಿದರು. ಕೊನೆಗೆ, "ನಿನ್ನ ಮಗಳಿಗೆ ದೊಡ್ಡ ರೋಗ ಇರ್ಲಿಲ್ಲ ಕಣಕ್ಕ. ನಾವೇ ಅಂದಿದ್ದು," ಎಂದರು.

ಆ ತಾಯಿ ಕೈಲಿದ್ದ ಅವರೆಕಾಯಿ ಕೆಳಗಿಟ್ಟರು. ಆಮೇಲೆ ನನ್ನನ್ನು ಹತ್ತಿರ ಕರೆದು, ಜಡೆ ಸರಿಸಿ, ವಾಸಿಯಾದ ಜಾಗದ ಮೇಲೆ ಬೆರಳಿಟ್ಟರು.

"ಇಷ್ಟೇನಾ?" ಎಂದರು.

ನಾನು ಕತ್ತು ಬಾಗಿಸಿಕೊಂಡೇ ಕೂತಿದ್ದೆ, ಅವರಾಗಿ ಕೈ ತೆಗೆಯುವವರೆಗೆ.