ಅಂಬ್ರುವಾಸ್ ಮುಗಿಸಿದ ಒಂದೇ ಚಿತ್ರ

ವೆರ್ನೆ ಊರಿನಲ್ಲಿ ಹೆಣ್ಣು ಹುಟ್ಟಿದರೆ ಅಪ್ಪನಾದವನು ಹೊಳೆದಂಡೆಯಲ್ಲಿ ಒಂದು ಸಾಲು ಪಾಪ್ಲರ್ ಸಸಿ ನೆಡುತ್ತಿದ್ದ. ಅವಳ ಮದುವೆಗೆ ಅದೇ ಮರಗಳನ್ನು ಕಡಿಸಿ ಖರ್ಚು ಹೊಂದಿಸುತ್ತಿದ್ದ. ಚಿತ್ರಗಾರ ಅಂಬ್ರುವಾಸನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಗೆಳೆಯ ಗ್ಯಾಸ್ಪಾರನ ಮಗಳು ಲ್ಯೂಸಿಲ್ ಮದುವೆಯ ವಯಸ್ಸಿಗೆ ಬಂದದ್ದನ್ನೇ ಅವನು ಗಮನಿಸಿರಲಿಲ್ಲ. ಅವನ ಕಣ್ಣು ಯಾವಾಗಲೂ ಅವಳ ಮರಗಳ ಮೇಲೆ.

ಅಂಬ್ರುವಾಸ್ ಕಾಲಿಗೆ ಹಾಕುವ ಮರದ ಜೋಡು ಕೆತ್ತುವವನ ಮಗ. ಪ್ಯಾರಿಸ್ಸಿಗೆ ಹೋಗಿ ಚಿತ್ರ ಕಲಿತು ಬಂದಿದ್ದ. ಅಂಗಡಿಗಳ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತ, ಬಿಡುವಾದಾಗಲೆಲ್ಲ ಆ ಸಾಲುಮರಗಳ ಮುಂದೆ ಕೂರುತ್ತಿದ್ದ. ಮುಗಿಸಿದ್ದು ಮಾತ್ರ ಇಲ್ಲ. ವಸಂತದಲ್ಲಿ ಬಳಿದ ಹಸಿರು ಒಪ್ಪವಾಗುವಷ್ಟರಲ್ಲಿ ಎದುರಿನ ಎಲೆ ಹಳದಿಯಾಗಿರುತ್ತಿತ್ತು. ಎಲ್ಲ ಕೆರೆದು ಮತ್ತೆ ಮೊದಲಿನಿಂದ ಶುರು.

ಆ ವರ್ಷ ಲ್ಯೂಸಿಲಳ ಮದುವೆ ಗೊತ್ತಾಯಿತು. ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ಮರ ಕಡಿಯುವ ಎತಿಯೆನ್ ಕೊಡಲಿ ಹೊತ್ತು ಬಂದ. ಅಂಬ್ರುವಾಸ್ ಓಡಿಬಂದು ಗ್ಯಾಸ್ಪಾರನ ಕೈ ಹಿಡಿದುಕೊಂಡ.

"ಸ್ವಲ್ಪ ದಿನ ತಡಿಯೋ. ಈ ಸಲ ಮುಗಿಸೇ ಮುಗಿಸ್ತೀನಿ."

"ಇಪ್ಪತ್ತು ವರ್ಷ ಏನು ಕತ್ತೆ ಕಾಯ್ತಿದ್ಯಾ? ಬೀಗರು ಸುಮ್ನಿರ್ತಾರಾ?"

ಲ್ಯೂಸಿಲಳೇ ದಾರಿ ಹೇಳಿದಳು. "ಹೇಗೂ ಒಂದೊಂದೇ ಮರ ತಾನೇ ಕಡಿಯೋದು? ಮಾಮ ಬರೆದು ಮುಗಿಸಿದ ಮರವನ್ನೇ ಎತಿಯೆನ್ ಕಡೀಲಿ. ಆದ್ರೆ ಮಾಮ, ಬೇಗ! ನಿಮ್ಮ ಚಿತ್ರಕ್ಕೋಸ್ಕರ ನಾನು ಮುದುಕಿ ಆಗಲ್ಲ."

ಎತಿಯೆನ್ ಕೊಡಲಿ ಊರಿಕೊಂಡು ನಿಂತ.

"ಯಜಮಾನ್ರೇ, ಇದು ಆಯ್ತಾ?"

"ಇನ್ನೊಂದು ಕೊಂಬೆ ಇದೆ ಕಣಯ್ಯಾ!"

"ಬರೋ ಗಾಳಿಗೆ ಅದೇ ಬಿದ್ದುಹೋಗುತ್ತೆ ಬಿಡಿ!"

"ಹ್ಞೂಂ, ಕಡಿ."

ಮರ ಧೊಪ್ಪೆಂದು ಬಿತ್ತು. ಕೆರೆದು ಮತ್ತೆ ಬರೆಯೋಣವೆಂದರೆ ಎದುರಿಗೆ ಮರವೇ ಇಲ್ಲ. ವಿಧಿಯಿಲ್ಲದೆ ಅಂಬ್ರುವಾಸ್ ಮುಂದಿನ ಮರಕ್ಕೆ ಹೋದ. ಅದು ಬಿದ್ದ ಮೇಲೆ ಅದರಾಚೆಯದಕ್ಕೆ.

ಕೊನೆಯ ಮರಕ್ಕೆ ಬಂದಾಗ ಅವನ ಕೈ ನಿಂತಿತು. "ಇದೊಂದು ಇರಲಿ ಬಿಡ್ರೋ."

"ಅದು ಮದುವೆ ಊಟದ ಮರ ಮಾಮ," ಎಂದಳು ಲ್ಯೂಸಿಲ್. "ಹುರಿದ ಬಾತುಕೋಳಿ ಬೇಡ್ವಾ ನಿಮಗೆ?"

ಅವನು ನಕ್ಕುಬಿಟ್ಟ. ಕೊನೆಯ ಎಲೆಗಳನ್ನು ಬರೆದು, ಚಿತ್ರದ ಮೂಲೆಯಲ್ಲಿ ಜೀವನದಲ್ಲಿ ಮೊದಲ ಸಲ ತನ್ನ ಹೆಸರು ಬರೆದ. ಬಣ್ಣ ಇನ್ನೂ ಹಸಿಯಿರುವಾಗಲೇ ಅದು ಲ್ಯೂಸಿಲಳ ಹೊಸ ಮನೆಯ ಗೋಡೆ ಸೇರಿತು.

ಮರುವರ್ಷ ಲ್ಯೂಸಿಲಳಿಗೆ ಹೆಣ್ಣುಮಗುವಾಯಿತು. ಅಳಿಯ ಅದೇ ದಂಡೆಯಲ್ಲಿ ಸಸಿ ನೆಟ್ಟ. ಗ್ಯಾಸ್ಪಾರ್ ಅಂಬ್ರುವಾಸನ ಬೆನ್ನಿಗೊಂದು ಗುದ್ದು ಕೊಟ್ಟ.

"ಈ ಸಲವಾದ್ರೂ ಇವತ್ತೇ ಶುರು ಮಾಡೋ!"

ಮೊಣಕಾಲುದ್ದದ ಸಸಿಗಳನ್ನು ಅಂಬ್ರುವಾಸ್ ಕಣ್ಣು ಕಿರಿದುಮಾಡಿ ಬಹಳ ಹೊತ್ತು ನೋಡಿದ.

"ಇವತ್ತು ಬೆಳಕು ಸರಿಯಿಲ್ಲ ಕಣೋ," ಎಂದ.