ಬಡಿಗೇರ ಕಾಕಾನ ಉಗುಳು

ಬಡಿಗೇರ ಕಾಕಾ ಮೋಟಾರಿನ ಮೇಲೆ ಉಗುಳುತ್ತಿದ್ದರು. ಸಾದಾ ಉಗುಳಲ್ಲ, ನಾಗಪುರದವರು ಹೊತ್ತುಗೊತ್ತಿಲ್ಲದೆ ಜಗಿಯುವ ಖರ್ರಾದ, ಅಡಿಕೆ ತಂಬಾಕು ಸುಣ್ಣ ಕಲೆತ ಕಂದು ರಸ. ಬಗ್ಗಿ ಎಂಬ ಆಟದ ಕಾರು ಓಟ ಮುಗಿಸಿ ಬಂದ ಕೂಡಲೇ ಅದರ ಪುಟ್ಟ ಮೋಟಾರಿನ ಮೇಲೆ ಒಂದು ಹನಿ ಬೀಳಿಸಿ, "ಒಂದ, ಎರಡ, ಮೂರ..." ಎಂದು ಎಣಿಸುವರು. ಹತ್ತಾಗುವ ಮೊದಲೇ ಹನಿ ಒಣಗಿದರೆ ಮೋಟಾರು ಅತಿಯಾಗಿ ಕಾದಿದೆ ಎಂದರ್ಥ. ನನಗೆ ಹೊಟ್ಟೆ ತೊಳಸುತ್ತಿತ್ತು. ಇದನ್ನು ಬರೆಯುವಾಗಲೂ ತೊಳಸುತ್ತಿದೆ.

ಕಾಕಾ ಗದಗದ ಕಡೆಯವರು. ನಾಗಪುರದ ರೈಲ್ವೆ ಶೆಡ್ಡಿನಲ್ಲಿ ಮೋಟಾರುಗಳಿಗೆ ತಂತಿ ಸುತ್ತಿ ಸುತ್ತಿ ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಕಳಮನಾ ಮಾರುಕಟ್ಟೆಯ ಹಿಂದಿನ ಬಯಲಲ್ಲಿ, ಕೊಳೆತ ಈರುಳ್ಳಿಯ ನಾತದ ನಡುವೆ, ನಾವು ಹತ್ತಾರು ಜನ ರಿಮೋಟ್ ಹಿಡಿದು ಬ್ಯಾಟರಿ ಬಗ್ಗಿಗಳನ್ನು ಓಡಿಸುತ್ತಿದ್ದೆವು. ಮಿಕ್ಕವರೆಲ್ಲ ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮೋಟಾರು ಕೊಳ್ಳುವವರು. ಕಾಕಾನ ಮೋಟಾರಿಗೆ ಅಂಕಿಯೇ ಇರಲಿಲ್ಲ. ಒಳಗಿನ ತಂತಿಯನ್ನು ಅವರೇ ಸುತ್ತಿದ್ದರು. ಆಮೇಲೆ ದೃಷ್ಟಿ ಮಂಜಾಯಿತು. "ಇನ್ನೊಂದು ಸುತ್ತಾಕ ಈ ಕಣ್ಣಿಗೆ ಆಗಂಗಿಲ್ಲವ್ವಾ. ಇದ ಕಡೀದು" ಎನ್ನುತ್ತ ಅದರ ಕವಚವನ್ನು ಬಟ್ಟೆಯಿಂದ ಉಜ್ಜುತ್ತಿದ್ದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಮೇಲೇ ಮತ್ತೆ ಉಗುಳುತ್ತಿದ್ದರು! ಹನಿ ಬೀಳುವ ಜಾಗವನ್ನು ಮಾತ್ರ ಒರೆಸುತ್ತಿರಲಿಲ್ಲ. ಅಲ್ಲೊಂದು ಕಪ್ಪು ಕಲೆ ಕಟ್ಟಿಕೊಂಡಿತ್ತು.

ಬಗ್ಗಿ ಅವರದು, ಓಡಿಸುವವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವಳಾದ್ದರಿಂದ ನನಗೆ 'ವಕೀಲವ್ವ' ಎಂದು ಹೆಸರಿಟ್ಟಿದ್ದರು. ಮೂರು ಸೆಲ್ಲಿನ ಬ್ಯಾಟರಿ ಹಾಕೋಣ ಎಂದರೆ ಎರಡೇ ಸಾಕೆನ್ನುವರು. ಮೋಟಾರಿನ ತುದಿಯ ಗೇರಿಗೆ ಎರಡು ಹಲ್ಲು ಹೆಚ್ಚಿಸೋಣ, ವೇಗ ಬರುತ್ತೆ ಎಂದರೆ, "ವೇಗದ ಕೂಡ ಬಿಸೀನೂ ಬರತೈತಿ. ಅದನ್ನ ಯಾರು ಹೊರಬೇಕು, ನಿಮ್ಮಪ್ಪನ?" ಎನ್ನುವರು. ಹೀಗಾಗಿ ನಾವು ಯಾವಾಗಲೂ ಮೂರನೆಯವರು. ಗೆದ್ದದ್ದೇ ಇಲ್ಲ.

ವರ್ಷದ ಕೊನೆಯ ಓಟದ ದಿನ ನಾನು ತಾಪ ಅಳೆಯುವ ಗನ್ನು ತಂದೆ. ದೂರದಿಂದ ಗುರಿಯಿಟ್ಟರೆ ಸಾಕು, ಅಂಕಿ ಬರುತ್ತದೆ. ಅಭ್ಯಾಸದ ಸುತ್ತು ಮುಗಿದಾಗ ಕಾಕಾ ಎಂದಿನಂತೆ ಉಗುಳಿ ಎಣಿಸಿದರು. "ಹನ್ನೊಂದಕ್ಕ ಒಣಗ್ತು. ಬರೋಬರ್ ಅಂಚಿಗೆ ಐತಿ. ಇನ್ನೊಂದು ಹಲ್ಲೂ ತಡಿಯಂಗಿಲ್ಲ."

ನಾನು ಹೊಳೆಯುವ ಕವಚಕ್ಕೆ ಗುರಿಯಿಟ್ಟೆ. ನಲವತ್ತೆಂಟು ಡಿಗ್ರಿ! ಎಲ್ಲರಿಗೂ ತೋರಿಸಿದೆ. "ಕಾಕಾ, ಉಗುಳು ಗಾಳಿಗೂ ಒಣಗುತ್ತೆ, ಬಿಸಿಲಿಗೂ ಒಣಗುತ್ತೆ. ಒಂದು ದಿನದ ಹನಿ ದೊಡ್ಡದು, ಒಂದು ದಿನದ್ದು ಸಣ್ಣದು. ಇದನ್ನ ಅಳತೆ ಅಂತೀರಾ?" ಸುತ್ತಲಿದ್ದವರು ನಕ್ಕರು. "ಅರೆ ಕಾಕಾ, ಮಷೀನ್ ಝೂಠ್ ನಹೀ ಬೋಲ್ತಾ!" ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಒಬ್ಬ ಅವರ ಭುಜ ತಟ್ಟಿದ. ಚಪ್ಪಾಳೆ ಸಿಕ್ಕಿದ ಮೇಲೆ ನಿಲ್ಲಿಸುವ ಅಭ್ಯಾಸ ನನಗಿಲ್ಲ. "ನಲವತ್ತು ವರ್ಷದಿಂದ ತಪ್ಪು ಮಾಡಿದ್ರೆ ಅದು ಅನುಭವ ಅಲ್ಲ ಕಾಕಾ, ಹಳೇ ತಪ್ಪು" ಎಂದೂ ಸೇರಿಸಿದೆ.

ಕಾಕಾ ಬಾಯಲ್ಲಿದ್ದುದನ್ನು ಆಚೆ ಉಗಿದು ಬಂದರು. "ಮಾತಿನಾಗ ನಿನ್ನ ಗೆಲ್ಲಾಕ ಆಗಂಗಿಲ್ಲ. ಹಾಕ್ಕೋ" ಎಂದು ಎರಡು ಹಲ್ಲು ಹೆಚ್ಚಿದ್ದ ಗೇರನ್ನು ತಾವೇ ಡಬ್ಬಿಯಿಂದ ತೆಗೆದುಕೊಟ್ಟರು.

ಆರು ಸುತ್ತು ನಾವೇ ಮುಂದೆ. ಏಳನೆಯದರಲ್ಲಿ ತಂತಿಯ ಮೇಲಿನ ವಾರ್ನಿಶು ಸುಟ್ಟ ವಾಸನೆ ಬಂತು. ಬಗ್ಗಿ ಧೂಳಿನಲ್ಲಿ ಸುಮ್ಮನೆ ನಿಂತುಬಿಟ್ಟಿತು.

ಓಡಿಹೋಗಿ ಗನ್ನು ಹಿಡಿದೆ. ಕವಚದ ಮೇಲೆ ಅರವತ್ತೊಂದು. ಇಷ್ಟು ಬಿಸಿಗೆ ಮೋಟಾರು ಸಾಯುವುದಿಲ್ಲ. ಗುರಿ ತುಸು ಸರಿದು ಆ ಕಪ್ಪು ಕಲೆಯ ಮೇಲೆ ಬಿತ್ತು. ನೂರಾ ಹದಿನೆಂಟು. ಮತ್ತೆ ಹೊಳಪಿಗೆ ಹಿಡಿದೆ, ಅರವತ್ತು. ಮತ್ತೆ ಕಲೆಗೆ, ನೂರಾ ಹದಿನಾರು. ಹೊಳೆಯುವ ಲೋಹದ ಮೇಲೆ ಈ ಗನ್ನು ಬಿಸಿಯನ್ನು ಕಡಿಮೆ ತೋರಿಸುತ್ತದೆಂದು ಅದರ ಜೊತೆ ಬಂದ ಚೀಟಿಯಲ್ಲೇ ಇತ್ತು. ಓದಿದ್ದೆ ಕೂಡ. ಆ ಮೋಟಾರಿನ ಮೇಲೆ ನಿಜ ಹೇಳುತ್ತಿದ್ದ ಜಾಗ ಒಂದೇ, ನನಗೆ ವಾಕರಿಕೆ ತರಿಸುತ್ತಿದ್ದ ಜಾಗ.

ಅಷ್ಟರಲ್ಲಿ ಜನ ಬಂದರು. "ಬುಡ್ಢೇ ಕಾ ವೈಂಡಿಂಗ್ ಹೀ ಕಚ್ಚಾ ಥಾ" ಎಂದ ಒಬ್ಬ. ಮುದುಕ ಸುತ್ತಿದ ತಂತಿಯೇ ಸರಿಯಿರಲಿಲ್ಲವಂತೆ. ಹೌದು ಹೌದು ಎಂದರು ಉಳಿದವರು. ಅಂಕಿ ಯಾರ ಕಣ್ಣಿಗೂ ಬೀಳುವ ಮೊದಲೇ ನಾನು ಗನ್ನನ್ನು ಆರಿಸಿ ಚೀಲಕ್ಕೆ ಹಾಕಿಕೊಂಡೆ.

ಆಮೇಲೆ ಕಾಕಾ ಬಯಲಿಗೆ ಬರಲಿಲ್ಲ. ಹೋಳಿಯ ಮುಂಚೆ ತೀರಿಕೊಂಡರು. ಅದಕ್ಕೆ ಎರಡು ವಾರ ಹಿಂದೆ ಅವರ ಮನೆಗೆ ಹೋಗಿದ್ದೆ. ಮೋಟಾರನ್ನು ಬಿಚ್ಚಿ, ಸುಟ್ಟ ತಂತಿಯನ್ನು ಪತ್ರಿಕೆಯ ಮೇಲೆ ಹರಡಿ, ಕಣ್ಣಿಗೆ ಭೂತಗನ್ನಡಿ ಹಿಡಿದು ಕೂತಿದ್ದರು. ಚಹಾ ಬಂತು. ಬಾಯಲ್ಲಿ ಖರ್ರಾ ಇರಲಿಲ್ಲ.

"ವಕೀಲವ್ವಾ," ಎಂದರು, "ನಿನ್ನ ಮಷೀನು ನಲವತ್ತೆಂಟು ಅಂತ ತೋರಿಸ್ತು. ಅಂದ್ರ ಎರಡು ಹಲ್ಲು ಹೆಚ್ಚಾದ್ರೂ ಬಿಸಿಗೆ ಸತ್ತಿಲ್ಲ ಇದು. ಎಷ್ಟೋ ದಿನ ಆತು, ಹುಡುಕಾಕತ್ತೀನಿ. ನಾ ಸುತ್ತೂದರಾಗ ಎಲ್ಲಿ ತಪ್ಪೀನಿ ಹೇಳವ್ವಾ?"

ಚಹಾ ಕುಡಿದೆ.

"ಗೊತ್ತಿಲ್ಲ ಕಾಕಾ" ಎಂದೆ.

ಅವರು ತಲೆಯಾಡಿಸಿ, ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿಕೊಂಡು, ಮತ್ತೆ ತಂತಿಯ ಮೇಲೆ ಬಗ್ಗಿದರು.