ಹುಸೇನಪ್ಪ ಕಾಕಾ ಮುಚ್ಚಿದ ಡಬ್ಬಿ

ಹುಸೇನಪ್ಪ ಕಾಕಾ ಕೈಯಲ್ಲಿ ಸೂಜಿ ಇಟ್ಟುಕೊಂಡೇ ಚಹಾ ಕುಡಿಯುತ್ತಿದ್ದರು. ಹೊಸಬರು ಯಾರಾದರೂ ನೋವು ಹೇಳಿಕೊಂಡು ಬಂದರೆ, ಮೊದಲು ತಮ್ಮದೇ ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವಿನ ಮೆತ್ತನೆಯ ಜಾಗದಲ್ಲಿ ಕೂದಲಿನಂಥ ಸೂಜಿಯೊಂದನ್ನು ಇಳಿಸಿ, ಅದೇ ಕೈಯಿಂದ ಕಪ್ಪು ಎತ್ತುತ್ತಿದ್ದರು. ಸೂಜಿ ಸಣ್ಣಗೆ ಅಲುಗುತ್ತಿತ್ತು. ಚಹಾ ಮುಗಿಯುವ ಹೊತ್ತಿಗೆ ಬಂದವರ ಅಂಜಿಕೆ ಅರ್ಧ ಇಳಿದಿರುತ್ತಿತ್ತು.

"ರಕ್ತ ಬಂತೇನು? ಇಲ್ಲಲ್ಲ. ಮಲಕೋ ಇನ್ನ" ಎನ್ನುತ್ತಿದ್ದರು.

ಅವರು ನಾರಾಯಣಪುರದ ಕಾಲುವೆಯಲ್ಲಿ ಗೇಟು ತಿರುವುವ ಕೆಲಸದಲ್ಲಿದ್ದವರು. ಗಾಲಿ ತಿರುವಿ ತಿರುವಿ ನಡ ಹಿಡಿದಾಗ, ಕ್ವಾರ್ಟರ್ಸಿಗೆ ಬಂದಿದ್ದ ವೈದ್ಯರೊಬ್ಬರು ಸೂಜಿ ಹಾಕಿ ಹಗುರ ಮಾಡಿದರಂತೆ. ಕಾಕಾ ಅವರ ಬೆನ್ನು ಬಿಡದೆ ವಿದ್ಯೆ ಕಲಿತರು. ನಿವೃತ್ತಿಯಾದ ಮೇಲೆ ನಮ್ಮ ದೋರನಹಳ್ಳಿಗೆ ಬಂದು ಪಡಸಾಲೆಯಲ್ಲಿ ಎರಡು ಮಂಚ ಹಾಕಿದರು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲಗಳಿಗೆ ಆಗ ಕಾಲುವೆ ನೀರು ಬಂದು ಎಲ್ಲೆಲ್ಲೂ ಭತ್ತದ ನಾಟಿ. ದಿನವಿಡೀ ಕೆಸರಲ್ಲಿ ಬಗ್ಗಿದ ಹೆಂಗಸರು ಸಂಜೆ ನಡ ಹಿಡಿದುಕೊಂಡು ಅವರ ಮನೆಗೆ ಬರುತ್ತಿದ್ದರು.

"ನೀರು ಬಿಟ್ಟಾವನೂ ನಾನs, ಆ ನೀರಿಂದ ಬಂದ ನಡನೋವು ನೋಡಾವನೂ ನಾನs" ಎಂದು ನಗುತ್ತಿದ್ದರು.

ನಾನಾಗ ಶಹಾಪುರದ ಕಾಲೇಜಿನಲ್ಲಿ ಓದುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಎರಡು ಢಾಲು ಗೆದ್ದಿದ್ದ ಸೊಕ್ಕು ಬೇರೆ. ಮನೆಯ ಎದುರಿಗೇ ಇಂಥದೊಂದು ನಡೆಯುತ್ತಿದ್ದರೆ ಸುಮ್ಮನಿರುವುದು ಹೇಗೆ? ಒಂದು ದಿನ ಹೋಗಿ ಕೇಳಿಯೇಬಿಟ್ಟೆ.

"ಕಾಕಾ, ಮೈಯಾಗ ಕಾಲುವಿ ಇದ್ದಂಗ ಅದ, ಅಲ್ಲಲ್ಲಿ ಗೇಟು ಮುಚ್ಚಿರ್ತದ, ಸೂಜಿ ಅದನ್ನ ತೆಗೀತದ ಅಂತೀರಿ. ಆ ಕಾಲುವಿ ಯಾರ್ ನೋಡ್ಯಾರ್ರಿ?"

"ನಾನೂ ನೋಡಿಲ್ಲವ್ವ."

"ಮತ್ತ ಹೆಂಗ ಹೇಳ್ತೀರಿ?"

"ಕಲಿಸಿದವ್ರು ಹಂಗ ಹೇಳಿದ್ರು. ನಾ ಗೇಟಿನಾಗ ಇದ್ದಾವ, ನನಗ ತಿಳೀತು. ನಿನಗ ತಿಳಿಲಿಲ್ಲಂದ್ರ ನೀನs ಒಂದು ಬ್ಯಾರೆ ಹೇಳು. ಕೆಲವ್ರಿಗೆ ಹಗುರಾಗ್ತದ, ಕೆಲವ್ರಿಗೆ ಆಗಂಗಿಲ್ಲ. ಅಷ್ಟು ಮಾತ್ರ ನಾ ಕಣ್ಣಾರೆ ನೋಡೀನಿ."

ಎದುರಾಳಿ ಒಪ್ಪಿಕೊಂಡುಬಿಟ್ಟರೆ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಎರಡು ದಿನ ಯೋಚಿಸಿ ಗಟ್ಟಿಯಾದ ವಾದವೊಂದನ್ನು ತಂದೆ.

"ನಾಟಿ ಹೆಣ್ಮಕ್ಕಳು ಇಲ್ಲಿ ಅರ್ಧ ತಾಸು ಮಲಗ್ತಾರ. ನೋವು ಇಳಿಯೂದು ಮಲಗಿದ್ದಕ್ಕ, ಸೂಜಿಗಲ್ಲ. ಸುಮ್ನ ಮಲಗಾಕ ಹೇಳಿದ್ರ ಸಾಕಲ್ಲೇನ್ರಿ?"

ಕಾಕಾ ಕೈಯಲ್ಲಿದ್ದ ಸೂಜಿಯನ್ನು ಒರೆಸಿ ಡಬ್ಬಿಗಿಟ್ಟರು. "ಅದೂ ಇರಬೌದು, ವಕೀಲವ್ವ. ಆದ್ರ ಸೂಜಿ ಇಲ್ಲಂದ್ರ ಅವ್ರಿಗೆ ಮಲಗಾಕ ಯಾರ್ ಬಿಡ್ತಾರ?"

ಅದರ ಅರ್ಥ ಮರುದಿನವೇ ಕಣ್ಣಿಗೆ ಬಿತ್ತು. ನಾಟಿಯ ಗುಂಪು ಕಟ್ಟುವ ದೇವಕ್ಕ ಬಾಗಿಲಿಗೆ ಬಂದು, "ಏನ್ ಬಾಣಂತ್ಯಾರಂಗ ಮಲಗ್ಯಾರಲ್ಲ ಇವ್ರು! ನಾಳಿಗಿ ಯಾರ್ ಹೊಲಕ್ಕಂತ ಮಾತಾಡೂದದ, ಎಬ್ಬಸ್ರಿ" ಎಂದು ಗದರಿದಳು. ಕಾಕಾ ತಲೆ ಎತ್ತದೆ ಹೇಳಿದರು: "ಸೂಜಿ ಮೈಯಾಗ ಅವ. ಎಬ್ಬಿಸಬ್ಯಾಡ." ದೇವಕ್ಕನಂಥ ದೇವಕ್ಕ ಹೊಸ್ತಿಲಲ್ಲೇ ನಿಂತಳು. ಊರಲ್ಲಿ ಅದೊಂದು ಕಟ್ಟಳೆಯೇ ಆಗಿತ್ತು. ಗಂಡ ಕರೆಯಲಿ, ಅತ್ತೆ ಕರೆಯಲಿ, ಸೂಜಿ ಮೈಯಲ್ಲಿರುವವಳನ್ನು ಎಬ್ಬಿಸುವಂತಿಲ್ಲ. ನಾನು ಗಡಿಯಾರ ನೋಡಿಕೊಂಡು ಕೂತೆ. ನಾಟಿಯ ದಿನಗಳಲ್ಲಿ ಕಾಕಾನ ಅರ್ಧ ತಾಸು ಮುಕ್ಕಾಲು ತಾಸಾಗುತ್ತಿತ್ತು.

ನಮ್ಮವ್ವನೂ ದೇವಕ್ಕನ ಗುಂಪಿನಲ್ಲಿದ್ದಳು. ಮಲಗುವುದೆಂದರೆ ಅವಳಿಗೆ ಸೋಮಾರಿತನ, ಹಾಗಾಗಿ ಸೂಜಿಯ ತಂಟೆಗೂ ಹೋದವಳಲ್ಲ. ಒಂದು ಬೆಳಿಗ್ಗೆ ಅವಳು ಎಡಭುಜ ಹಿಡಿದುಕೊಂಡು ಗೋಡೆಗೆ ಆತು ಕೂತಿದ್ದಳು. ನೋವು ದವಡೆಗೂ ಬಂದಿತ್ತು. "ನಾಟಿ ನೋವು, ಹೋಗ್ತದ" ಎಂದಳು. ನಾಟಿ ಶುರುವಾದರೆ ಊರಿನ ಹೆಂಗಸರ ಎಲ್ಲ ನೋವಿಗೂ ಅದೊಂದೇ ಹೆಸರು. ಅವತ್ತು ಯಾದಗಿರಿಯಲ್ಲಿ ನನ್ನ ಸ್ಪರ್ಧೆಯಿತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು. ಅವಳನ್ನು ಕೈಹಿಡಿದು ಎದುರುಮನೆಗೆ ನಡೆಸಿಕೊಂಡು ಹೋದೆ.

"ಕಾಕಾ, ಎರಡು ಸೂಜಿ ಹಾಕ್ರಿ. ನಾ ಸಂಜಿಗಿ ಬರ್ತೀನಿ."

ಕಾಕಾ ಸೂಜಿಯ ಡಬ್ಬಿ ತೆರೆದರು. ಅವ್ವನ ಭುಜ ಒತ್ತಿದರು. "ಇಲ್ಲಿ ನೋವಾತೇನವ್ವ?" ಇಲ್ಲ. ಕತ್ತಿನ ಬುಡ ಒತ್ತಿದರು. ಇಲ್ಲ. ತೋಳು ಎತ್ತಿಸಿ ಇಳಿಸಿದರು, ನೋವು ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಅವಳ ಹಣೆಯ ಮೇಲೆ ಕೈಯಿಟ್ಟು ನೋಡಿದರು. ಆ ತಂಪು ಹೊತ್ತಿನಲ್ಲೂ ಅವಳು ಬೆವರಿ ತೋಯ್ದಿದ್ದಳು.

ಅವರು ಡಬ್ಬಿ ಮುಚ್ಚಿದರು.

"ನಾಟಿ ನೋವಾಗಿದ್ರ ಒತ್ತಿದ ಕೂಡ್ಲೆ ಚೀರ್ತಾರ. ಇದು ಒಳಗಿಂದು. ದವಾಖಾನಿಗೆ ನಡೀರಿ."

ನಾನು ವಾದಕ್ಕಿಳಿದೆ. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ. "ಶಹಾಪುರಕ್ಕ ಹೋದ್ರ ದಿನಾನ ಹೋಗ್ತದ ಕಾಕಾ. ಮೊದ್ಲ ಸೂಜಿ ಹಾಕಿ ನೋಡೂಣು. ನಿಮ್ಮ ಕಾಲುವಿ, ಗೇಟು ಎಲ್ಲಾ ಈಗ ಎಲ್ಲಿ ಹೋದುವು?"

"ಗೇಟು ಬಿಗಿದ್ರ ನಾ ತಿರುವ್ತೀನಿ. ಕಾಲುವಿ ಏರಿ ಒಡ್ಯಾಕತ್ತಾಗ ಗೇಟಿನವ ಏನ್ ಮಾಡ್ತಾನ? ಇಂಜಿನೇರನ ಕರೀಬೇಕು." ಹೇಳುತ್ತಲೇ ಚಪ್ಪಲಿ ಮೆಟ್ಟಿದ್ದರು. "ಇಷ್ಟು ದಿನ ಸೂಜಿ ಬ್ಯಾಡ ಅಂದಾಕಿ ನೀನು. ಇವತ್ತ ನೀ ನನ್ನ ಕಡಿ ಬಂದೀ, ನಾ ನಿನ್ನ ಕಡಿ ಹೋಗೀನಿ. ನಡೀ."

ರಸ್ತೆಗೆ ಓಡಿ, ಜನ ತುಂಬಿದ್ದ ಟಂಟಂ ಆಟೋ ಒಂದಕ್ಕೆ ಅಡ್ಡ ನಿಂತು, ಇಬ್ಬರನ್ನು ಇಳಿಸಿ ಅವ್ವನನ್ನು ಕೂರಿಸಿದರು. ತಾವು ಹಿಂದೆ ಜೋತುಬಿದ್ದು ಬಂದರು. ಶಹಾಪುರದ ವೈದ್ಯರು ಎದೆಗೆ ತಂತಿ ಹಚ್ಚಿ ಕಾಗದ ನೋಡಿ ಹೃದಯಾಘಾತವೆಂದರು, ಗುಳಿಗೆ ಅಗಿಸಿದರು, ಆಂಬುಲೆನ್ಸಿನಲ್ಲಿ ಕಲಬುರಗಿಗೆ ಕಳಿಸಿದರು. ಕಾಕಾ ಅಲ್ಲಿಗೂ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ, ನಾಟಿ ನೋವು ಎಂದು ಅವ್ವ ಹೇಳಿದ್ದನ್ನು ಒಂದು ಪ್ರಶ್ನೆಯೂ ಕೇಳದೆ ನಂಬಿದ್ದು ನನಗೆ ಹೊಳೆಯಿತು. ಎಲ್ಲರನ್ನೂ ಪ್ರಶ್ನಿಸುತ್ತಿದ್ದವಳು ನಾನು.

ಮೂರನೆಯ ದಿನ ಅವ್ವ ಕಣ್ಣು ಬಿಟ್ಟು ನೋಡಿ, "ದೇವಕ್ಕನ ಗುಂಪಿನಾಗ ಒಂದಾಳು ಕಮ್ಮಿ ಬಿತ್ತಲ್ಲ" ಎಂದು ಗೊಣಗಿದಳು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಕಾಕಾ ಎದ್ದು, "ಬೈಯಾಕತ್ಯಾಳ. ಇನ್ನ ಅಂಜಿಕಿಲ್ಲ, ಚಾ ಕುಡಿಯೂಣು ನಡೀ" ಎಂದರು.

ಊರಿಗೆ ಬಂದ ಮೇಲೆ ಮತ್ತೊಂದು ಪೇಚು. ವೈದ್ಯರು ಮಧ್ಯಾಹ್ನ ಮಲಗಲೇಬೇಕು ಎಂದಿದ್ದರು, ಅವ್ವ ಮಲಗುವವಳಲ್ಲ. ಕಾಕಾ ಅವಳನ್ನು ತಮ್ಮ ಮಂಚಕ್ಕೆ ಕರೆದು, "ಅಲುಗಾಡಬ್ಯಾಡ" ಎಂದು ಗದರಿ ಕೌದಿ ಹೊದಿಸತೊಡಗಿದರು. ಅವ್ವ ಗಪ್ಪನೆ ನಿದ್ದೆ ಹೋಗುತ್ತಿದ್ದಳು. ಒಂದು ದಿನ ಕೌದಿ ಸರಿಸಿ ನೋಡಿದೆ. ಮೈಮೇಲೆ ಒಂದೂ ಸೂಜಿ ಇರಲಿಲ್ಲ.

ಕಾಕಾ ತುಟಿಯ ಮೇಲೆ ಬೆರಳಿಟ್ಟು ಹೊರಗೆ ಕರೆದರು. "ರಕ್ತ ತೆಳ್ಳಗ ಮಾಡೂ ಗುಳಿಗಿ ನುಂಗ್ತಾಳ. ನಾ ಹೆಂಗ ಚುಚ್ಚಲಿ? ನಿಮ್ಮವ್ವಗೂ ಗೊತ್ತದ. ಊರಾಗ ಮಾತ್ರ ಹೇಳಬ್ಯಾಡ." ಗೆದ್ದೆ ಎನ್ನಲು ಅದಕ್ಕಿಂತ ಒಳ್ಳೆಯ ಅವಕಾಶ ನನಗೆ ಬರುವಂತಿರಲಿಲ್ಲ. ನಾನು ಒಳಗೆ ಹೋಗಿ, ಸರಿಸಿದ್ದ ಕೌದಿಯನ್ನು ಮೊದಲಿನಂತೆ ಹೊದಿಸಿದೆ.

ಕಾಕಾ ಈಗಿಲ್ಲ. ಸುರಪುರದ ಮಗಳ ಮನೆಯಲ್ಲಿ, ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ಅವರ ಒಂದು ಮಂಚವನ್ನು ನಾವು ತಂದುಕೊಂಡಿದ್ದೇವೆ. ಸೂಜಿಯ ಬಗ್ಗೆ ನನ್ನ ಪ್ರಶ್ನೆಗಳು ಹಾಗೆಯೇ ಇವೆ, ಒಂದೂ ಕಡಿಮೆಯಾಗಿಲ್ಲ.

ಮೊನ್ನೆ ನಾಟಿ ಶುರುವಾಯಿತು. ಮಧ್ಯಾಹ್ನ ಅವ್ವ ಆ ಮಂಚದ ಮೇಲೆ ಮಲಗಿದ್ದಾಗ ದೇವಕ್ಕ ಬಾಗಿಲಿಗೆ ಬಂದು, ಸಸಿ ಕಟ್ಟು ಕಟ್ಟಲಿಕ್ಕಾದರೂ ಅವಳನ್ನು ಕಳಿಸು ಎಂದಳು. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

"ಸೂಜಿ ಮೈಯಾಗ ಅವ ಅಕ್ಕ. ಎಬ್ಬಿಸಬ್ಯಾಡ."

"ಹುಸೇನಪ್ಪ ಹೋಗಿ ವರ್ಷಾತು, ಯಾರ್ ಹಾಕ್ಯಾರ?"

"ನಾನs."

ದೇವಕ್ಕ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ಸಂಜಿಗಿ ನಾನೂ ಬರ್ತೀನಿ, ನಡ ಹಿಡದದ" ಎಂದು ಮೆಲ್ಲಗೆ ಹೋದಳು.